ವೀಸಾ ಇನ್ನೂ ಇದೆ, ವಾಸದ ಅವಧಿ ಮುಗಿದಿದೆ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ತೆರಳುವ ತಾಯಂದಿರು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಕಡಿಮೆಯೇನಲ್ಲ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ಮೇಲೆ 10 ವರ್ಷಗಳ ನಂತರದ ದಿನಾಂಕವಿರುತ್ತದೆ. ಮೊಮ್ಮಗುವಿಗೆ ನಾಲ್ಕೈದು ತಿಂಗಳು ತುಂಬುತ್ತದೆ, ಮಗಳು ಕೆಲಸಕ್ಕೆ ಹಿಂದಿರುಗಬೇಕಾಗುತ್ತದೆ, ಮಗುವನ್ನು ನೋಡಿಕೊಳ್ಳುವವರಿಲ್ಲ. ‘ಹೇಗೂ ಹತ್ತು ವರ್ಷದ ವೀಸಾ ಇದೆಯಲ್ಲ, ಇನ್ನು ಮೂರು ತಿಂಗಳು ಇದ್ದು ಹೋಗಮ್ಮ’ ಎಂಬ ಮಾತು ಬರುವುದು ಆಗಲೇ. ಕೇಳುವುದಕ್ಕೆ ಇದರಲ್ಲಿ ತಪ್ಪೇನೂ ಕಾಣದು. ಆದರೆ ಆ ಮೂರು ತಿಂಗಳಿನಿಂದಾಗಿ ತಾಯಿಯ ಹತ್ತು ವರ್ಷದ ವೀಸಾ ರದ್ದಾಗಬಹುದು. ಅದು ಆರು ತಿಂಗಳು ದಾಟಿದರೆ ವರ್ಷಗಟ್ಟಲೆ ಮಗಳ ಮನೆಗೆ ಕಾಲಿಡುವಂತಿಲ್ಲದಂತೆ ಆಗಬಹುದು.

ವೀಸಾ ಅವಧಿ ಮೀರಿ ವಿದೇಶದಲ್ಲಿ ಉಳಿಯುವವರು ಎಂದೊಡನೆ ಕದ್ದುಮುಚ್ಚಿ ದುಡಿಯುವವರ ಚಿತ್ರ ಕಣ್ಮುಂದೆ ಬರುತ್ತದೆ. ಅಂಥವರೂ ಇದ್ದಾರೆ. ಆದರೆ ಓದುಬರಹ ಬಲ್ಲ, ಕಾನೂನಿಗೆ ಅಂಜುವ ಕುಟುಂಬಗಳು ಈ ತೊಡಕಿಗೆ ಸಿಲುಕುವುದು ಹೆಚ್ಚಾಗಿ ದಿನಾಂಕವನ್ನು ತಪ್ಪಾಗಿ ಓದುವುದರಿಂದ.

ಎರಡು ದಿನಾಂಕಗಳು

ವೀಸಾ ಎಂಬುದು ಒಂದು ದೇಶದ ಗಡಿಯವರೆಗೆ ಹೋಗಿ ಪ್ರವೇಶ ಕೋರುವುದಕ್ಕೆ ಕೊಟ್ಟ ಅನುಮತಿ. ಅದರ ಮೇಲಿನ ಕೊನೆಯ ದಿನಾಂಕವು ಯಾವ ದಿನದೊಳಗೆ ಆ ಗಡಿಯನ್ನು ತಲುಪಬೇಕು ಎಂಬುದನ್ನು ಸೂಚಿಸುತ್ತದೆ. ಒಳಗೆ ಬಂದ ಮೇಲೆ ಎಷ್ಟು ದಿನ ಇರಬಹುದು ಎಂಬುದು ಬೇರೆಯೇ ಸಂಗತಿ. ಕೆಲವು ದೇಶಗಳಲ್ಲಿ ಅದನ್ನು ವೀಸಾದ ಮೇಲೆಯೇ ದಿನಗಳ ಲೆಕ್ಕದಲ್ಲಿ ನಮೂದಿಸಿರುತ್ತಾರೆ. ಕೆಲವೆಡೆ ವಿಮಾನ ನಿಲ್ದಾಣದ ವಲಸೆ ಅಧಿಕಾರಿ ನಿರ್ಧರಿಸುತ್ತಾನೆ. ಈ ಎರಡು ದಿನಾಂಕಗಳನ್ನು ಒಂದೇ ಎಂದು ತಿಳಿಯುವುದೇ ಬಹುಪಾಲು ಅನಾಹುತಗಳ ಮೂಲ.

ಅಮೆರಿಕದಲ್ಲಿ ಈ ಎರಡನೆಯ ದಿನಾಂಕ ಇರುವುದು ‘ಐ-94’ ಎಂಬ ಆಗಮನ ದಾಖಲೆಯಲ್ಲಿ. ಹಿಂದೆ ವಿಮಾನದಲ್ಲಿಯೇ ಬಿಳಿ ಕಾಗದವೊಂದನ್ನು ತುಂಬಿ, ಅದರ ಚೂರನ್ನು ಪಾಸ್‌ಪೋರ್ಟಿಗೆ ಪಿನ್ ಮಾಡಿಸಿಕೊಳ್ಳುವ ಪದ್ಧತಿಯಿತ್ತು. ಕಾಗದ ಕಣ್ಣೆದುರಿಗಿದ್ದುದರಿಂದ ದಿನಾಂಕವೂ ನೆನಪಿನಲ್ಲಿರುತ್ತಿತ್ತು. 2013ರಿಂದ ವಿಮಾನ ಮತ್ತು ಹಡಗುಗಳಲ್ಲಿ ಬರುವವರಿಗೆ ಈ ದಾಖಲೆ ಗಣಕೀಕೃತವಾಗಿದೆ. ಪ್ರಯಾಣಿಕನೇ ಅಂತರ್ಜಾಲ ತಾಣಕ್ಕೆ ಹೋಗಿ, ತನ್ನ ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ನೋಡಿಕೊಳ್ಳಬೇಕು. ನೋಡಿಕೊಳ್ಳುವವರು ಎಷ್ಟು ಮಂದಿ?

ಪ್ರವಾಸಿಗಳಾಗಿ ಹೋದ ತಂದೆತಾಯಿಯರಿಗೆ ಸಾಮಾನ್ಯವಾಗಿ ಆರು ತಿಂಗಳ ವಾಸಕ್ಕೆ ಅವಕಾಶ ದೊರೆಯುತ್ತದೆ. ಅದಕ್ಕಿಂತ ಒಂದೇ ದಿನ ಹೆಚ್ಚು ಉಳಿದರೂ ಕೈಯಲ್ಲಿರುವ ವೀಸಾ ತಾನಾಗಿಯೇ ಅಸಿಂಧುವಾಗುತ್ತದೆ ಎಂದು ಅಲ್ಲಿನ ಕಾನೂನು ಹೇಳುತ್ತದೆ. ಅದರ ಮೇಲೆ ಯಾರೂ ‘ರದ್ದು’ ಎಂಬ ಮುದ್ರೆ ಒತ್ತುವುದಿಲ್ಲವಾದ್ದರಿಂದ, ಮುಂದಿನ ಪ್ರಯಾಣದಲ್ಲಿ ವಿಮಾನ ನಿಲ್ದಾಣದಲ್ಲಿ ತಡೆದಾಗಲೇ ಹಲವರಿಗೆ ಇದು ಗೊತ್ತಾಗುವುದು. ಹೊಸ ವೀಸಾಕ್ಕೆ ಸ್ವದೇಶದಲ್ಲಿಯೇ ಅರ್ಜಿ ಹಾಕಬೇಕು; ಅರ್ಜಿಯಲ್ಲಿ ‘ಹಿಂದೆ ಅವಧಿ ಮೀರಿ ಉಳಿದಿದ್ದಿರಾ’ ಎಂಬ ನೇರ ಪ್ರಶ್ನೆಯಿರುತ್ತದೆ.

180 ದಿನ ಮತ್ತು ಒಂದು ವರ್ಷ

1996ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನು ಬಿಗಿಗೊಳಿಸಿತು. ಮರುವರ್ಷ ಏಪ್ರಿಲ್‌ನಿಂದ ಜಾರಿಯಲ್ಲಿರುವ ಆ ನಿಯಮದ ಪ್ರಕಾರ, ಒಂದೇ ಭೇಟಿಯಲ್ಲಿ 180 ದಿನಗಳಿಗಿಂತ ಹೆಚ್ಚು ಕಾಲ ಅನಧಿಕೃತವಾಗಿ ಉಳಿದು ಹೊರಟವರು ಮೂರು ವರ್ಷ ಮತ್ತೆ ಪ್ರವೇಶಿಸುವಂತಿಲ್ಲ. ಒಂದು ವರ್ಷ ಅಥವಾ ಅದಕ್ಕೂ ಮೇಲ್ಪಟ್ಟು ಉಳಿದಿದ್ದರೆ ನಿಷೇಧ ಹತ್ತು ವರ್ಷಗಳದ್ದು. 18 ವರ್ಷ ತುಂಬದ ಮಕ್ಕಳ ವಿಷಯದಲ್ಲಿ ಈ ದಿನಗಳನ್ನು ಎಣಿಸುವುದಿಲ್ಲ.

ಈ ನಿಯಮದಲ್ಲಿ ಒಂದು ವಿಪರ್ಯಾಸವಿದೆ. ನಿಷೇಧ ಅನ್ವಯವಾಗುವುದು ದೇಶ ಬಿಟ್ಟು ಹೊರಟಾಗ. ಆದ್ದರಿಂದಲೇ ‘ಹೊರಟರೆ ತಾನೆ ತೊಂದರೆ, ಇದ್ದುಬಿಡೋಣ’ ಎಂದು ವರ್ಷಗಳನ್ನು ನೂಕುವವರಿದ್ದಾರೆ. ಊರಿನಲ್ಲಿ ತಂದೆ ತೀರಿಕೊಂಡರೂ ಬರಲಾರದ, ಒಡಹುಟ್ಟಿದವರ ಮದುವೆಯನ್ನು ದೂರದರ್ಶಕದಂತೆ ಮೊಬೈಲ್ ತೆರೆಯ ಮೇಲೆ ನೋಡಬೇಕಾದ ಸ್ಥಿತಿ ಅವರದು.

ಹೆಚ್ಚು ಕಾಲ ಇರಬೇಕಾದ ನಿಜವಾದ ಅಗತ್ಯ ಬಿದ್ದರೆ ದಾರಿಯಿಲ್ಲದಿಲ್ಲ. ಐ-94ರ ಅವಧಿ ಮುಗಿಯುವ ಮೊದಲೇ ‘ಐ-539’ ಎಂಬ ನಮೂನೆಯಲ್ಲಿ ವಿಸ್ತರಣೆ ಕೋರಬೇಕು. ಕನಿಷ್ಠ 45 ದಿನ ಮುಂಚೆ ಸಲ್ಲಿಸುವಂತೆ ಅಲ್ಲಿನ ವಲಸೆ ಸೇವಾ ಇಲಾಖೆಯೇ ಸಲಹೆ ನೀಡುತ್ತದೆ. ಸಕಾಲದಲ್ಲಿ ಅರ್ಜಿ ಸಲ್ಲಿಸಿದ್ದರೆ ತೀರ್ಮಾನ ಬರುವವರೆಗೆ ಅನಧಿಕೃತ ದಿನಗಳ ಎಣಿಕೆ ಆರಂಭವಾಗುವುದಿಲ್ಲ. ತಿರಸ್ಕೃತವಾದರೆ ಮರುದಿನದಿಂದಲೇ ಆರಂಭವಾಗುತ್ತದೆ. ಶಸ್ತ್ರಚಿಕಿತ್ಸೆ, ಹಠಾತ್ ಅನಾರೋಗ್ಯದಂಥ ಕಾರಣಗಳಿಗೆ ವೈದ್ಯರ ಪತ್ರವಿದ್ದರೆ ಅರ್ಜಿಗೆ ಬಲ ಬರುತ್ತದೆ. ‘ಮೊಮ್ಮಗುವನ್ನು ನೋಡಿಕೊಳ್ಳುವವರಿಲ್ಲ’ ಎಂಬ ಕಾರಣ ಕುಟುಂಬಕ್ಕೆ ಎಷ್ಟು ದೊಡ್ಡದಾಗಿದ್ದರೂ ಪ್ರವಾಸಿ ವೀಸಾದ ಉದ್ದೇಶಕ್ಕೆ ಅದು ಹೊಂದುವುದಿಲ್ಲ ಎಂಬುದನ್ನು ಮಕ್ಕಳು ಮೊದಲೇ ತಿಳಿದಿರುವುದು ಒಳ್ಳೆಯದು. ನಡುವೆ ನಯಾಗರ ನೋಡುವ ನೆಪದಲ್ಲಿ ಕೆನಡಾಕ್ಕೆ ಹೋಗಿ ಬಂದರೆ ಹೊಸದಾಗಿ ಆರು ತಿಂಗಳು ಸಿಗುತ್ತದೆ ಎಂಬ ನಂಬಿಕೆಯೂ ಕೆಲವರಲ್ಲಿದೆ. ಅಂಥ ಚುಟುಕು ಪ್ರವಾಸದಿಂದ ಹಳೆಯ ಗಡುವು ಬದಲಾಗುತ್ತದೆ ಎಂಬ ಖಾತರಿಯಿಲ್ಲ.

ಉದ್ಯೋಗಕ್ಕೆ ಹೋದ ಎಚ್-1ಬಿ ಎಂಜಿನಿಯರುಗಳು ಕಾನೂನು ಬಲ್ಲವರೆಂದುಕೊಂಡರೆ ಅವರೂ ಎಡವುವ ಒಂದು ಸ್ಥಳವಿದೆ. ಕಂಪನಿಗೆ ಮೂರು ವರ್ಷಗಳ ಅನುಮೋದನೆ ಸಿಕ್ಕಿರುತ್ತದೆ. ಆದರೆ ಪಾಸ್‌ಪೋರ್ಟಿನ ಅವಧಿ ಒಂದೇ ವರ್ಷ ಉಳಿದಿರುತ್ತದೆ. ರಜೆ ಮುಗಿಸಿ ಹಿಂದಿರುಗುವಾಗ ವಿಮಾನ ನಿಲ್ದಾಣದ ಅಧಿಕಾರಿ ಪಾಸ್‌ಪೋರ್ಟ್ ಮುಗಿಯುವ ದಿನದವರೆಗೆ ಮಾತ್ರ ಐ-94 ಕೊಡುತ್ತಾನೆ. ಆಮೇಲೆ ಕಾನ್ಸುಲೇಟಿನಲ್ಲಿ ಪಾಸ್‌ಪೋರ್ಟ್ ನವೀಕರಿಸಿಕೊಂಡರೂ ಐ-94 ತಾನಾಗಿ ಉದ್ದವಾಗುವುದಿಲ್ಲ. ಸಂಬಳ ಬರುತ್ತಿರುತ್ತದೆ, ತೆರಿಗೆ ಕಟ್ಟುತ್ತಿರುತ್ತಾರೆ, ಆದರೆ ವಾಸ ಅನಧಿಕೃತವಾಗಿರುತ್ತದೆ. ಹೆಂಡತಿ ಮಕ್ಕಳಿಗೂ ಪ್ರತ್ಯೇಕ ಐ-94 ಇರುವುದರಿಂದ ಒಬ್ಬೊಬ್ಬರದನ್ನೂ ನೋಡಬೇಕು. ಕೆಲಸ ಕಳೆದುಕೊಂಡವರಿಗೆ 2017ರ ಜನವರಿಯಲ್ಲಿ ಜಾರಿಗೆ ಬಂದ ನಿಯಮದಂತೆ ಗರಿಷ್ಠ 60 ದಿನಗಳ ಸಮಯವಿದೆ. ಐ-94 ಅದಕ್ಕೂ ಮೊದಲೇ ಮುಗಿಯುವುದಾದರೆ ಅಲ್ಲಿಗೇ ಮುಗಿಯಿತು. 2022ರ ಕೊನೆಯಿಂದ ಐಟಿ ಕಂಪನಿಗಳು ಸಾಲುಸಾಲಾಗಿ ನೌಕರರನ್ನು ಕೈಬಿಟ್ಟಾಗ ಈ 60 ದಿನಗಳ ಲೆಕ್ಕ ಬೆಂಗಳೂರಿನ ಅನೇಕ ಮನೆಗಳಿಗೂ ಪರಿಚಿತವಾಯಿತು.

ಯೂರೋಪಿನ ದಿನಗಣನೆ

ಯೂರೋಪಿನ 29 ರಾಷ್ಟ್ರಗಳು ಸೇರಿದ ಷೆಂಗೆನ್ ವಲಯದಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ವೀಸಾ ಚೀಟಿಯ ಮೇಲೆ ಎರಡು ಸಂಗತಿಗಳಿರುತ್ತವೆ: ಯಾವ ದಿನದಿಂದ ಯಾವ ದಿನದವರೆಗೆ ವೀಸಾ ಸಿಂಧು, ಮತ್ತು ಒಟ್ಟು ಎಷ್ಟು ದಿನ ಇರಬಹುದು. ಉದಾಹರಣೆಗೆ, ಮೇ 1ರಿಂದ ಮೇ 30ರವರೆಗೆ ಸಿಂಧುವಾದ ವೀಸಾದಲ್ಲಿ ದಿನಗಳ ಸಂಖ್ಯೆ 15 ಎಂದಿದೆಯೆನ್ನಿ. ಮೇ 10ರಂದು ಪ್ಯಾರಿಸ್‌ನಲ್ಲಿ ಇಳಿದವರು ಮೇ 24ರೊಳಗೆ ಹೊರಡಬೇಕು. ಇಳಿದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಸೇರುತ್ತವೆ. ಅದೇ ಮೇ 20ರಂದು ಇಳಿದರೆ 15 ದಿನ ಸಿಗುವುದೇ ಇಲ್ಲ. ಮೇ 30ಕ್ಕೆ ವೀಸಾ ಮುಗಿಯುವುದರಿಂದ ಸಿಗುವುದು 11 ದಿನ ಮಾತ್ರ. ಮಧ್ಯರಾತ್ರಿಯ ನಂತರ ಹೊರಡುವ ವಿಮಾನಗಳ ವಿಷಯದಲ್ಲಿ ಎಚ್ಚರ ಅಗತ್ಯ. ಅಗ್ಗದ ಟಿಕೆಟ್ ಎಂದು ರಾತ್ರಿ ಒಂದು ಗಂಟೆಯ ವಿಮಾನ ಹಿಡಿದವರಿಗೆ ಒಂದು ದಿನ ಹೆಚ್ಚಾಗಿಬಿಡಬಹುದು.

ಮೇಲಿಂದ ಮೇಲೆ ಹೋಗುವವರಿಗೆ ಎರಡು, ಐದು ವರ್ಷಗಳ ಬಹುಪ್ರವೇಶ ವೀಸಾ ದೊರೆಯುವುದುಂಟು. ಅವರಿಗೂ ಯಾವುದೇ 180 ದಿನಗಳಲ್ಲಿ 90 ದಿನಗಳಿಗಿಂತ ಹೆಚ್ಚು ಇರಲು ಅವಕಾಶವಿಲ್ಲ. ಜನವರಿ-ಜೂನ್, ಜುಲೈ-ಡಿಸೆಂಬರ್ ಎಂದು ವರ್ಷವನ್ನು ಎರಡು ಹೋಳು ಮಾಡಿ ಎಣಿಸುವುದು ತಪ್ಪು. ಪ್ರತಿದಿನವೂ ಆ ದಿನದಿಂದ ಹಿಂದಕ್ಕೆ 180 ದಿನಗಳನ್ನು ಎಣಿಸಿ, ಅವುಗಳಲ್ಲಿ ಎಷ್ಟು ದಿನ ವಲಯದೊಳಗಿದ್ದೆವು ಎಂದು ನೋಡಬೇಕು. ನಡುವೆ ಲಂಡನ್ನಿಗೆ ಹೋಗಿ ಬಂದರೆ ಎಣಿಕೆ ಮೊದಲಿನಿಂದ ಆರಂಭವಾಗುವುದೂ ಇಲ್ಲ.

ಹಿಂದೆ ಈ ಲೆಕ್ಕವನ್ನು ಪಾಸ್‌ಪೋರ್ಟಿನ ಮುದ್ರೆಗಳನ್ನು ಹುಡುಕಿ ಹುಡುಕಿ ಹಾಕಬೇಕಾಗಿತ್ತು. ಮಸುಕಾದ ಮುದ್ರೆಯ ಲಾಭ ಪಡೆದವರೂ ಇದ್ದರು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ ಆಗಮನ-ನಿರ್ಗಮನ ವ್ಯವಸ್ಥೆಯಲ್ಲಿ ಬೆರಳಚ್ಚು ಮತ್ತು ಮುಖಚಿತ್ರಗಳೊಂದಿಗೆ ದಿನಗಳನ್ನು ಗಣಕಯಂತ್ರವೇ ಎಣಿಸುತ್ತದೆ. ಒಂದು ದೇಶದಲ್ಲಿ ದಾಖಲಾದ ಲೋಪ ಉಳಿದೆಲ್ಲ ಸದಸ್ಯ ದೇಶಗಳ ಗಡಿಯಲ್ಲೂ ಕಾಣುತ್ತದೆ.

ಷೆಂಗೆನ್ ಹೊರಗಿರುವ ಬ್ರಿಟನ್ನಿನಲ್ಲಿ ಗೊತ್ತಿದ್ದೂ ಅವಧಿ ಮೀರುವುದು ಅಪರಾಧ. 30 ದಿನಗಳೊಳಗೆ ಸ್ವಂತ ಖರ್ಚಿನಲ್ಲಿ ಹೊರಟವರಿಗೆ ಕಡ್ಡಾಯ ನಿಷೇಧವಿಲ್ಲ. ಅದಕ್ಕೂ ಮೀರಿದರೆ ಸ್ವಂತ ಖರ್ಚಿನಲ್ಲಿ ಹೊರಟವರಿಗೂ ಒಂದು ವರ್ಷ ಬಾಗಿಲು ಮುಚ್ಚುತ್ತದೆ. ಗಡೀಪಾರಾದವರಿಗೆ ಹತ್ತು ವರ್ಷ. ಆಸ್ಟ್ರೇಲಿಯಾದಲ್ಲಿ 28 ದಿನ ಮೀರಿದರೆ ಮೂರು ವರ್ಷಗಳ ತಡೆ ಎದುರಾಗುತ್ತದೆ. ಕೆನಡಾ ಸ್ವಲ್ಪ ಮೃದು: ಅವಧಿ ಮುಗಿದ 90 ದಿನಗಳೊಳಗೆ ಸ್ಥಾನಮಾನ ಮರಳಿ ಕೊಡಿ ಎಂದು ಅರ್ಜಿ ಸಲ್ಲಿಸಬಹುದು.

ಕೊಲ್ಲಿಯಲ್ಲಿ ದಿನಕ್ಕಿಷ್ಟು ದಂಡ

ಕರಾವಳಿಯ ಮಂಗಳೂರು, ಉಡುಪಿ, ಭಟ್ಕಳಗಳಿಗೆ ಈ ವಿಷಯ ಬೇರೆಯೇ ರೂಪದಲ್ಲಿ ಪರಿಚಿತ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಅವಧಿ ಮೀರಿದ ಪ್ರತಿ ದಿನಕ್ಕೆ 50 ದಿರ್ಹಮ್ ದಂಡ. 2022ರಲ್ಲಿ ಪ್ರವಾಸಿಗಳಿಗೂ ನಿವಾಸಿಗಳಿಗೂ ಒಂದೇ ದರ ನಿಗದಿಯಾಯಿತು. ಆರು ತಿಂಗಳಿಗೆ ಇದು 9,000 ದಿರ್ಹಮ್, ಅಂದರೆ ಎರಡು ಲಕ್ಷ ರೂಪಾಯಿಗೂ ಮಿಕ್ಕ ಮೊತ್ತ. ಕಟ್ಟದೆ ವಿಮಾನ ಹತ್ತುವಂತಿಲ್ಲ. ಕಟ್ಟಲು ದುಡಿಯಬೇಕೆಂದರೆ ದುಡಿಯಲು ಪರವಾನಗಿ ಇಲ್ಲ. ದಿನ ಕಳೆದಂತೆ ಮೊತ್ತ ಬೆಳೆಯುತ್ತಲೇ ಹೋಗುತ್ತದೆ.

ಇಲ್ಲಿ ಬಲಿಯಾಗುವವರಲ್ಲಿ ಹೆಚ್ಚಿನವರು ದಿನ ಎಣಿಸಲು ಬಾರದವರಲ್ಲ, ಏಜೆಂಟರ ಮಾತು ನಂಬಿದವರು. ‘ಈಗ ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಕಂಪನಿಯವರು ಕೆಲಸದ ವೀಸಾ ಮಾಡಿಸಿಕೊಡುತ್ತಾರೆ’ ಎಂಬುದು ಹಳೆಯ ಮಂತ್ರ. ಹತ್ತನೇ ತರಗತಿ ಮುಗಿಸದವರು ಕೊಲ್ಲಿಯೂ ಸೇರಿದಂತೆ 18 ದೇಶಗಳಿಗೆ ಉದ್ಯೋಗಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯಿದೆಯಂತೆ ಸರ್ಕಾರದ ಅನುಮತಿ ಬೇಕು. ಆ ತಪಾಸಣೆಯನ್ನು ತಪ್ಪಿಸಲೆಂದೇ ವಿಸಿಟ್ ವೀಸಾದ ಒಳದಾರಿ ಹಿಡಿಸುತ್ತಾರೆ. ಅಲ್ಲಿ ಇಳಿದ ಮೇಲೆ ಕಂಪನಿಯೂ ಇಲ್ಲ, ಏಜೆಂಟನೂ ಇಲ್ಲ. ಅವಧಿ ಮುಗಿದರೆ ವೀಸಾ ಮಾಡಿಸಿಕೊಟ್ಟ ಪ್ರವಾಸ ಸಂಸ್ಥೆಯೇ ‘ತಲೆಮರೆಸಿಕೊಂಡಿದ್ದಾನೆ’ ಎಂದು ದೂರು ಕೊಡುವುದುಂಟು. ಸೌದಿ ಅರೇಬಿಯಾದಲ್ಲಿ ಮಾಲೀಕ ‘ಹುರೂಬ್’ ಎಂದು ದಾಖಲಿಸಿದರೆ, ಇಖಾಮಾ ಕಿಸೆಯಲ್ಲಿದ್ದರೂ ಕೆಲಸಗಾರ ಪರಾರಿಯಾದವನೆಂದೇ ಲೆಕ್ಕ. ಇಖಾಮಾ ನವೀಕರಿಸುವ ಹೊಣೆ ಮಾಲೀಕನದು. ಅವನು ಮರೆತರೆ ಅಥವಾ ಬೇಕೆಂದೇ ಬಿಟ್ಟರೆ ತೊಂದರೆಗೆ ಸಿಲುಕುವವನು ಕೆಲಸಗಾರ.

ಆಗಾಗ ಈ ದೇಶಗಳು ಸಾರ್ವತ್ರಿಕ ಕ್ಷಮಾದಾನ ಪ್ರಕಟಿಸುತ್ತವೆ. ಸಂಯುಕ್ತ ಅರಬ್ ಸಂಸ್ಥಾನ 1996, 2003, 2007, 2013, 2018ರಲ್ಲಿ ಹೀಗೆ ಮಾಡಿತ್ತು. 2024ರ ಸೆಪ್ಟೆಂಬರ್ 1ರಿಂದ ಆರಂಭವಾದ ಕ್ಷಮಾದಾನ ಎರಡು ತಿಂಗಳಿಗೆಂದು ಇದ್ದದ್ದು ಡಿಸೆಂಬರ್ 31ರವರೆಗೆ ಮುಂದುವರಿಯಿತು. ದಂಡವಿಲ್ಲದೆ, ಮರುಪ್ರವೇಶದ ನಿಷೇಧವಿಲ್ಲದೆ ಹೊರಡಲು ಅವಕಾಶ ಕೊಡಲಾಯಿತು. ಸೌದಿ ಅರೇಬಿಯಾ 2013ರಲ್ಲಿ ನಿತಾಖತ್ ಜಾರಿಯ ಹೊತ್ತಿನಲ್ಲಿ, ಮತ್ತೆ 2017ರಲ್ಲಿ ಇಂಥ ಅವಕಾಶ ನೀಡಿತ್ತು. ಮುಂದಿನ ಕ್ಷಮಾದಾನ ಬಂದೇ ಬರುತ್ತದೆ ಎಂದು ಕಾಯುತ್ತ ಕೂರುವವರಿದ್ದಾರೆ. ಎರಡರ ನಡುವೆ ಐದಾರು ವರ್ಷಗಳ ಅಂತರವಿರುವುದನ್ನು ಮೇಲಿನ ಇಸವಿಗಳೇ ತೋರಿಸುತ್ತವೆ. ಅಷ್ಟು ಕಾಲ ಆಸ್ಪತ್ರೆಗೂ ಹೋಗಲು ಅಂಜಿ ಬದುಕಬೇಕು.

ರಜೆಯ ತಾಣಗಳಲ್ಲೂ ಬಿಗಿ

ಬ್ಯಾಂಕಾಕ್, ಬಾಲಿಗಳಿಗೆ ಹೋಗುವ ಯುವಕರಲ್ಲಿ ‘ಒಂದೆರಡು ದಿನ ಹೆಚ್ಚಾದರೆ ದಂಡ ಕಟ್ಟಿದರಾಯಿತು’ ಎಂಬ ಉಡಾಫೆಯ ಮಾತು ಕೇಳಿಬರುತ್ತದೆ. ಥಾಯ್ಲೆಂಡ್‌ನಲ್ಲಿ ದಿನಕ್ಕೆ 500 ಬಾತ್, ಗರಿಷ್ಠ 20,000 ಬಾತ್ ದಂಡ ಎಂಬುದು ನಿಜ. ಆದರೆ 2016ರ ಮಾರ್ಚ್ 20ರಿಂದ ಜಾರಿಯಲ್ಲಿರುವ ನಿಯಮದಂತೆ, 90 ದಿನಕ್ಕಿಂತ ಹೆಚ್ಚು ಉಳಿದು ತಾವಾಗಿಯೇ ಹಾಜರಾದವರಿಗೆ ಒಂದು ವರ್ಷ, ಒಂದು ವರ್ಷ ಮೀರಿದವರಿಗೆ ಮೂರು ವರ್ಷ ನಿಷೇಧವಿದೆ. ಅದಕ್ಕಿಂತ ಮುಖ್ಯವಾದುದು ಸಿಕ್ಕಿಬಿದ್ದವರ ಸ್ಥಿತಿ. ರಸ್ತೆಯಲ್ಲಿ ಪೊಲೀಸರು ಹಿಡಿದರೆ, ಅವಧಿ ಮೀರಿ ಕೆಲವೇ ದಿನಗಳಾಗಿದ್ದರೂ ಐದು ವರ್ಷಗಳ ನಿಷೇಧ ಬೀಳುತ್ತದೆ. ಬಾಲಿಯಲ್ಲಿ ತಲಾ ದಿನಕ್ಕೆ 10 ಲಕ್ಷ ರುಪೈಯಾ, ನಮ್ಮ ಹಣದಲ್ಲಿ ಸುಮಾರು ಐದು ಸಾವಿರ ರೂಪಾಯಿ. ನಾಲ್ವರ ಕುಟುಂಬಕ್ಕೆ ಒಂದು ದಿನದ ತಪ್ಪಿಗೆ 20 ಸಾವಿರ. 60 ದಿನ ಮೀರಿದರೆ ದಂಡದ ಮಾತಿಲ್ಲ, ಗಡೀಪಾರು.

ಸಿಂಗಪುರದ ಕಾನೂನು ಎಲ್ಲಕ್ಕಿಂತ ಕಠೋರ. 90 ದಿನಕ್ಕಿಂತ ಹೆಚ್ಚು ಅವಧಿ ಮೀರಿದ ಗಂಡಸರಿಗೆ ಆರು ತಿಂಗಳವರೆಗಿನ ಸೆರೆಯ ಜೊತೆಗೆ ಕನಿಷ್ಠ ಮೂರು ಛಡಿಯೇಟಿನ ಶಿಕ್ಷೆಯಿದೆ. ಹೆಂಗಸರಿಗೆ ಮತ್ತು 50 ವರ್ಷ ದಾಟಿದ ಗಂಡಸರಿಗೆ ಛಡಿಯೇಟಿನ ಬದಲು ದಂಡ ವಿಧಿಸುತ್ತಾರೆ.

ಊರಿಗೆ ಮರಳಿದವರ ಮನೆಯ ಪುಟ್ಟ ವಿದೇಶೀಯ

ಇದೇ ಸಮಸ್ಯೆ ತಿರುಗಿ ನಿಂತು ಬೆಂಗಳೂರಿಗೂ ಬರುತ್ತದೆ. ಅಮೆರಿಕದಲ್ಲಿ ಹುಟ್ಟಿದ ಮಗು ಅಲ್ಲಿನ ಪ್ರಜೆ. ತಂದೆತಾಯಿ ಶಾಶ್ವತವಾಗಿ ಊರಿಗೆ ಮರಳುವಾಗ ಮಗುವಿಗೆ ಪ್ರವಾಸಿ ವೀಸಾ ಮಾಡಿಸಿ ಕರೆತರುತ್ತಾರೆ. ಸಾಗರೋತ್ತರ ಭಾರತೀಯ ಪೌರ ಚೀಟಿಯನ್ನು ಆಮೇಲೆ ಮಾಡಿಸಿದರಾಯಿತು ಎಂದುಕೊಳ್ಳುತ್ತಾರೆ. ಆ ವೀಸಾದಲ್ಲಿ ಒಮ್ಮೆಗೆ 180 ದಿನಗಳಷ್ಟೇ ಇರಬಹುದು. ಶಾಲೆಗೆ ಸೇರಿಸಿ, ಹುಟ್ಟುಹಬ್ಬ ಮುಗಿಸಿ, ಬೇಸಿಗೆ ರಜೆಯಲ್ಲಿ ಎಲ್ಲಿಗೋ ಹೊರಟಾಗ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಮಗುವನ್ನು ತಡೆಯುತ್ತಾರೆ. ವಿದೇಶೀಯರ ಪ್ರಾದೇಶಿಕ ನೋಂದಣಿ ಕಚೇರಿಯಿಂದ ನಿರ್ಗಮನ ಪರವಾನಗಿ ತರುವವರೆಗೆ ಪ್ರಯಾಣ ಸಾಗದು. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿರುವ ವಲಸೆ ಮತ್ತು ವಿದೇಶೀಯರ ಕಾಯಿದೆಯಲ್ಲಿ ಅವಧಿ ಮೀರಿದ ವಾಸಕ್ಕೆ ಮೂರು ವರ್ಷಗಳವರೆಗಿನ ಸೆರೆ ಮತ್ತು ಮೂರು ಲಕ್ಷ ರೂಪಾಯಿವರೆಗಿನ ದಂಡದ ಅವಕಾಶವಿದೆ. ಸ್ವಂತ ಅಜ್ಜನ ಮನೆಯಲ್ಲಿ ಬೆಳೆಯುತ್ತಿರುವ ಮಗುವೂ ಕಾನೂನಿನ ಪಾಲಿಗೆ ವಿದೇಶೀಯನೇ.

ಅವಧಿ ಮೀರುವಂತಾದರೆ

ಆಸ್ಪತ್ರೆ ವಾಸ, ವಿಮಾನ ರದ್ದು, ಪಾಸ್‌ಪೋರ್ಟ್ ಕಳವು ಇವು ಯಾರಿಗೂ ಒದಗಬಹುದು. ಅವಧಿ ಇನ್ನೂ ಬಾಕಿಯಿರುವಾಗಲೇ ಆ ದೇಶದ ವಲಸೆ ಕಚೇರಿಗೆ ಅರ್ಜಿ ಕೊಟ್ಟವರನ್ನೂ, ಮುಗಿದ ಮೇಲೆ ವಿಮಾನ ನಿಲ್ದಾಣದಲ್ಲಿ ಕಾರಣ ಹೇಳುವವರನ್ನೂ ಅಧಿಕಾರಿಗಳು ಒಂದೇ ರೀತಿ ನೋಡುವುದಿಲ್ಲ. ವೈದ್ಯರ ಪತ್ರ, ವಿಮಾನ ಸಂಸ್ಥೆಯ ಸೂಚನೆ, ಪೊಲೀಸ್ ದೂರಿನ ಪ್ರತಿ ಇವುಗಳನ್ನು ವರ್ಷಗಟ್ಟಲೆ ಜೋಪಾನ ಮಾಡಬೇಕು. ‘ಮುದ್ರೆ ಹಾಕಿಸಿಕೊಡುತ್ತೇನೆ’ ಎಂದು ಮುಂದೆ ಬರುವ ದಲ್ಲಾಳಿಗಳಿಂದ ದೂರವಿರಬೇಕು. ಅವಧಿ ಮೀರಿದ ವಾಸಕ್ಕೆ ಕೆಲವು ವರ್ಷಗಳ ತಡೆಯಾದರೆ, ಸುಳ್ಳು ದಾಖಲೆಗೆ ಅಮೆರಿಕ ವಿಧಿಸುವುದು ಆಜೀವ ನಿಷೇಧ. ವೀಸಾ ಅರ್ಜಿಯಲ್ಲಿ ಹಳೆಯ ಲೋಪವನ್ನು ಮುಚ್ಚಿಡುವವರಿಗೂ ಇದೇ ಅಪಾಯವಿದೆ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ವಲಸೆ ಮಾಹಿತಿಯನ್ನು ತಮ್ಮೊಳಗೆ ಹಂಚಿಕೊಳ್ಳುವುದರಿಂದ ಒಂದೆಡೆಯ ತಪ್ಪು ಇನ್ನೊಂದೆಡೆ ತಿಳಿಯದು ಎನ್ನುವಂತಿಲ್ಲ.

ಭಾರತೀಯ ರಾಯಭಾರ ಕಚೇರಿ ಬೇರೆ ದೇಶದ ದಂಡವನ್ನು ಮನ್ನಾ ಮಾಡಲಾರದು. ಆದರೆ ಪಾಸ್‌ಪೋರ್ಟ್ ಇಲ್ಲದವರಿಗೆ ಊರಿಗೆ ಮರಳಲು ಮಾತ್ರ ಬಳಸಬಹುದಾದ ತುರ್ತು ಪ್ರಮಾಣಪತ್ರ ಕೊಡುತ್ತದೆ. ಕೊಲ್ಲಿಯ ನಮ್ಮವರು ‘ಔಟ್‌ಪಾಸ್’ ಎನ್ನುವುದು ಇದನ್ನೇ. 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ, ತಪ್ಪು ಕೆಲಸಗಾರನದಲ್ಲ ಎಂದು ಕಂಡುಬಂದಾಗ ಸಣ್ಣಪುಟ್ಟ ದಂಡಕ್ಕೂ, ನಿರ್ಗತಿಕರ ವಿಮಾನ ದರಕ್ಕೂ ನೆರವು ಸಿಗುತ್ತದೆ. ಬಂಧನವಾದರೆ ತಮ್ಮ ದೇಶದ ಕಾನ್ಸುಲೇಟಿಗೆ ತಿಳಿಸಿ ಎಂದು ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದಿಂದ ಬಂದಿದೆ. ಊರಿನಲ್ಲಿರುವ ಮನೆಯವರು 2015ರಿಂದ ಇರುವ ವಿದೇಶಾಂಗ ಸಚಿವಾಲಯದ ‘ಮದದ್’ ತಾಣದಲ್ಲಿ ದೂರು ದಾಖಲಿಸಬಹುದು.

ಇನ್ನು, ಸಕಾಲದಲ್ಲಿ ಹೊರಟವರೂ ಕೆಲವೊಮ್ಮೆ ಅವಧಿ ಮೀರಿದವರ ಪಟ್ಟಿಗೆ ಸೇರಿಬಿಡುತ್ತಾರೆ. ನಿರ್ಗಮನ ಸರಿಯಾಗಿ ದಾಖಲಾಗದಿದ್ದರೆ ಕಡತದಲ್ಲಿ ಅವರು ಇನ್ನೂ ಅಲ್ಲಿಯೇ ಇರುತ್ತಾರೆ. ಅಂಥ ಸಂದರ್ಭದಲ್ಲಿ ಸಾಕ್ಷಿಯಾಗುವುದು ವಿಮಾನದ ಬೋರ್ಡಿಂಗ್ ಪಾಸ್ ಮತ್ತು ಬೆಂಗಳೂರಿನಲ್ಲಿ ಇಳಿದಾಗ ಪಾಸ್‌ಪೋರ್ಟಿಗೆ ಬಿದ್ದ ಆಗಮನದ ಮುದ್ರೆ. ಮನೆ ಸೇರಿದ ಮರುದಿನ ಚೀಲ ಖಾಲಿ ಮಾಡುವಾಗ ಕಸದ ಬುಟ್ಟಿಗೆ ಹೋಗುವ ಆ ಚೀಟಿಯನ್ನು ಮುಂದಿನ ವೀಸಾ ಕೈಗೆ ಬರುವವರೆಗಾದರೂ ಹಳೆಯ ಪಾಸ್‌ಪೋರ್ಟಿನೊಳಗೆ ಇಟ್ಟಿರಬೇಕು.